ಸತ್ತಿದೆ ಎಂದು ಹೇಳುವ ಮೊದಲು

ನನ್ನ ಮೇಲಿನ ಸಾಲಿನ ಎರಡು ಹಲ್ಲು ನನ್ನವಲ್ಲ. ಕೇಳಿದವರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳಿದ್ದೇನೆ. ಬಸ್ಸಿನಿಂದ ಬಿದ್ದೆ, ಕಬಡ್ಡಿಯಲ್ಲಿ ಹೋದವು, ಹೆಣ್ಣು ನೋಡಲು ಹೋದಾಗ ಹುಡುಗಿಯ ಅಣ್ಣ ಉದುರಿಸಿದ. ಮೂರನೆಯದನ್ನು ಜನ ಹೆಚ್ಚು ನಂಬುತ್ತಾರೆ. ನನ್ನ ಬಗ್ಗೆ ಊರಲ್ಲಿ ಅಂಥದ್ದೇ ಅಭಿಪ್ರಾಯವಿದೆ. ನಡೆದದ್ದು ಬೇರೆ, ಅದನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಕೆಲಸ ಮೇನ್‌ಫ್ರೇಮ್ ಕಾಯುವುದು. ಮೇನ್‌ಫ್ರೇಮ್ ಅಂದರೆ ವರ್ಷಾನುಗಟ್ಟಲೆ ನಿಲ್ಲದೆ ಓಡುವ ದೊಡ್ಡ ಕಂಪ್ಯೂಟರು. ನಾವು ಕಾಯುವುದು ಸಮುದ್ರದಾಚೆಯ ಯಾವುದೋ ಊರಿನ ನೆಲಮಾಳಿಗೆಯಲ್ಲಿದೆ. ಅದರ ಮುಖವನ್ನು ನಾವ್ಯಾರೂ ಕಂಡಿಲ್ಲ. ಅಲ್ಲಿನ ಹತ್ತಾರು ಆಸ್ಪತ್ರೆಗಳ ಔಷಧದ ಪಟ್ಟಿ ಅದರೊಳಗಿದೆ. ಯಾವ ಹಾಸಿಗೆಯ ರೋಗಿಗೆ ಯಾವ ಔಷಧ, ಎಷ್ಟು, ಎಷ್ಟು ಹೊತ್ತಿಗೆ ಎಂಬುದನ್ನು ನರ್ಸುಗಳು ಅದರಲ್ಲೇ ನೋಡಿ ಕೊಡುತ್ತಾರೆ. ಅವರಿಗೆ ರಾತ್ರಿಯಾದಾಗ ನಮಗೆ ಹಗಲು, ಆ ಹೊತ್ತಿನ ಕಾವಲು ನಮ್ಮದು. ಇಳಕಲ್ಲಿನ ಆಫೀಸಿನಲ್ಲಿ ನಾನು ಮತ್ತು ನಮ್ಮ ಹಿರಿಯರು, ಬಾಗಲಕೋಟೆಯ ನವನಗರದಲ್ಲಿ ಒಬ್ಬ ಅಕ್ಕ. ಇಷ್ಟೇ ಪಡೆ.

ಹಿರಿಯರನ್ನು ನಾವು ಸರ್ ಎನ್ನುತ್ತಿದ್ದೆವು. ಊರು ಬಾದಾಮಿ. ಮೂವತ್ತು ವರ್ಷ ಇದೇ ಕೆಲಸ ಮಾಡಿದವರು. ಬಿಳಿ ಅಂಗಿ, ಬಾಯಲ್ಲಿ ಎಲೆಯಡಿಕೆ, ಬಾದಾಮಿಯ ಗುಡ್ಡದೊಳಗೆ ಕೂತು ಮಾತಾಡಿದಂಥ ಧ್ವನಿ. ಆ ಧ್ವನಿಯನ್ನು ನಾನು ಸೇರಿದ ಎರಡನೇ ವಾರಕ್ಕೇ ಕದ್ದಿದ್ದೆ. ನನಗೆ ಬರುವುದು ಅದೊಂದೇ ವಿದ್ಯೆ. ಇಳಕಲ್ ಬಸ್‌ಸ್ಟ್ಯಾಂಡಿನ ಕಂಡಕ್ಟರ್, ನೂಲು ಹರಿದಾಗ ನಮ್ಮಪ್ಪ ಮಗ್ಗಕ್ಕೆ ಬೈಯುವ ರೀತಿ, ಮಗ್ಗ ತಿರುಗಿ ಬೈದಂತೆ ಮಾಡುವ ಸದ್ದು, ಎಲ್ಲವೂ ಗಂಟಲಲ್ಲಿವೆ. ನನ್ನ ಸ್ವಂತ ಧ್ವನಿ ಮಾತ್ರ ತೆಳ್ಳಗಿದ್ದು, ಯಾವಾಗಲೂ ರಜೆ ಕೇಳುತ್ತಿರುವಂತೆ ಕೇಳಿಸುತ್ತದೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಮೆಷಿನನ್ನು ನಿಲ್ಲಿಸುವಂಥ ದೊಡ್ಡ ಆಜ್ಞೆಯನ್ನು ಯಾರೂ ಒಬ್ಬರೇ ಹಾಕುವಂತಿಲ್ಲ. ಒಬ್ಬರು ಫೋನಿನಲ್ಲಿ ಹೇಳಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಒಪ್ಪಿಸಿ "ಹಾಕ್ಲ್ಯಾ?" ಎಂದು ಕೇಳಬೇಕು, ಮೊದಲನೆಯವರು "ಹಾಕು" ಅನ್ನಬೇಕು. ಸರ್ ಆ ಮಾತಿಗೆ ಮುಂಚೆ ಟೇಬಲ್ಲಿನ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿಯುತ್ತಿದ್ದರು. ಟಕ್, ಟಕ್. "ಹಾಕವ್ವಾ."

ಈ ಘಟನೆಗೆ ಮೂರು ತಿಂಗಳ ಮುಂಚೆ ನಾನು ಆ ಟಕ್ ಟಕ್ ಸಮೇತ ಸರ್ ಧ್ವನಿಯಲ್ಲಿ ಅಕ್ಕನಿಗೆ ಫೋನು ಮಾಡಿ, ಪರೀಕ್ಷೆಗೆಂದು ಇಟ್ಟಿದ್ದ ಸಿಸ್ಟಮ್ಮನ್ನು ಅವಳ ಕೈಯಿಂದ ನಿಲ್ಲಿಸಿದ್ದೆ. ತಮಾಷೆಗೆ. ಅದನ್ನು ಮತ್ತೆ ಎಬ್ಬಿಸಲು ಅರ್ಧ ದಿನ ಹಿಡಿಯಿತು. ಸರ್ ಬೈಯಲಿಲ್ಲ, ಅಷ್ಟನ್ನೂ ನನ್ನ ಕೈಯಿಂದಲೇ ಮಾಡಿಸಿದರು. ಅಕ್ಕ ಮಾತ್ರ ಬಿಡಲಿಲ್ಲ.

"ತಮ್ಮಾ, ಇವತ್ತಿನಿಂದ ನಿನ್ನ ಮಾತಿನ ಮ್ಯಾಲೆ ನಾ ಒಂದ ಗುಂಡಿನೂ ಒತ್ತೂದಿಲ್ಲ. ಸರ್ ಅಂದ್ರಷ್ಟ ಒತ್ತತೇನಿ. ಮಂಗ್ಯಾ."

ಆ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಅಕ್ಕನೇ ಫೋನು ಮಾಡಿದಳು. ಸರ್ ಅದನ್ನು ಸ್ಪೀಕರಿಗೆ ಹಾಕಿ ಟೇಬಲ್ಲಿನ ಮೇಲೆ ಇಟ್ಟರು.

"ಸರ್, ಒಂದನೇದು ಮಾತಾಡವಲ್ದು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮೇನ್‌ಫ್ರೇಮಿನಲ್ಲಿ ಎರಡು ಸಿಸ್ಟಮ್ಮುಗಳು ಜೋಡಿಯಾಗಿ ಓಡುತ್ತವೆ. ಎರಡೂ ಬರೆಯುವುದು ಅದೇ ಡಿಸ್ಕುಗಳ ಮೇಲೆ, ಅದೇ ಔಷಧದ ಪಟ್ಟಿಯ ಮೇಲೆ. ಪ್ರತಿ ಕೆಲವು ಸೆಕೆಂಡಿಗೆ ಒಂದು ಇನ್ನೊಂದಕ್ಕೆ "ಇದ್ದೇನೆ" ಎಂದು ತಿಳಿಸುತ್ತಿರಬೇಕು. ಒಂದು ಸುಮ್ಮನಾದರೆ ಇನ್ನೊಂದು ಕೆಲಸ ನಿಲ್ಲಿಸಿ ಮನುಷ್ಯರನ್ನು ಕೇಳುತ್ತದೆ: ಅದನ್ನು ರೀಸೆಟ್ ಮಾಡಿದ ಮೇಲೆ 'ಡೌನ್' ಎಂದು ಉತ್ತರಿಸಿ. 'ಮೇಲೆ' ಎಂಬ ಆ ಒಂದು ಪದದಲ್ಲಿ ಎಲ್ಲವೂ ಇದೆ. ಸುಮ್ಮನಾದದ್ದು ಸತ್ತೇ ಇರಬೇಕೆಂದಿಲ್ಲ. ಅರೆಜೀವವಾಗಿ ಬಿದ್ದಿದ್ದು, ನಾವು ಸತ್ತಿತೆಂದು ಸಾರಿದ ಮೇಲೆ ಎದ್ದು, ಹಳೆಯ ನೆನಪಿನಲ್ಲಿ ಪಟ್ಟಿಯ ಮೇಲೆ ಬರೆದರೆ ಒಬ್ಬರ ಔಷಧ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಅದಕ್ಕೇ ಮೊದಲು ನಮ್ಮ ಕೈಯಾರೆ ಪೂರ್ತಿ ಕೊಲ್ಲಬೇಕು, ಸತ್ತದ್ದನ್ನು ಕಣ್ಣಾರೆ ನೋಡಬೇಕು, ಆಮೇಲೆ ಸತ್ತಿದೆ ಅನ್ನಬೇಕು. ಕೊಲ್ಲುವ ಗುಂಡಿ, ಅಂದರೆ ರೀಸೆಟ್, ಇಳಕಲ್ಲಿನಲ್ಲಿ, ನಮ್ಮ ಕಡೆ. 'ಡೌನ್', ಅಂದರೆ ಸತ್ತಿದೆ, ಎಂದು ಹೇಳುವ ಪರದೆ ಬಾಗಲಕೋಟೆಯಲ್ಲಿ, ಅಕ್ಕನ ಎದುರು.

"ಅವಸರ ಮಾಡಬ್ಯಾಡವ್ವಾ. ಕಡೀ ಸಲ ಯಾವಾಗ ಮಾತಾಡೇತಿ?" ಎಂದರು ಸರ್.

"ಹತ್ತ ಗಂಟಿ ಇಪ್ಪತ್ತೇಳ ನಿಮಿಷಕ್ಕ. ಸರ್, ರೀಸೆಟ್ ಒತ್ತೂ ಮುಂದ 'ಕ್ಲಿಯರ್' ಅನ್ನೂದನ್ನ ಮುಟ್ಟಬ್ಯಾಡ್ರಿ, 'ನಾರ್ಮಲ್' ಒತ್ತ್ರಿ. ಕ್ಲಿಯರ್ ಒತ್ತಿದ್ರ ಅದರ ನೆನಪೆಲ್ಲಾ ಅಳಸ್ತೈತಿ. ಆಮ್ಯಾಲೆ ಯಾಕ ಬಿತ್ತಂತ ಹುಡುಕಾಕ ಸಾಕ್ಷಿ ಉಳಿಯೂದಿಲ್ಲ."

"ಇದನ್ನ ಕಲಸಿದವರ್ಯಾರ ನಿನಗ?"

"ನೀವ."

"ಮತ್ತ ನನಗ ಹೇಳ್ತೀಯಲ್ಲ."

"ಹೋದ ಸಲ ನೀವ ಕ್ಲಿಯರ್ ಒತ್ತಿದ್ರಿ, ಸರ್."

ನಾನು ನಕ್ಕೆ. ಸರ್ ನನ್ನತ್ತ ನೋಡದೆ ರೀಸೆಟ್ಟಿನ ಪರದೆ ತೆರೆದರು. ಅಷ್ಟರಲ್ಲಿ ಕೆಳಗೆ ಗಾಜು ಒಡೆದ ಸದ್ದು ಕೇಳಿತು.

ನಮ್ಮ ಆಫೀಸು ಇದ್ದದ್ದು ಹೆದ್ದಾರಿಯ ಪಕ್ಕದ ಒಂದು ಗ್ರಾನೈಟ್ ಅಂಗಡಿಯ ಮಾಳಿಗೆಯಲ್ಲಿ. ಕಲ್ಲು ಕೊಯ್ಯುವವರ ಕಡೆ ಗಟ್ಟಿ ಜನರೇಟರ್ ಇರುತ್ತದೆಂದು ಆ ಜಾಗ ಹಿಡಿದಿದ್ದೆವು. ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಮೂವತ್ತು ನಲವತ್ತು ಜನ, ಕೈಯಲ್ಲಿ ಹಾರೆ, ಕಲ್ಲು ಒಡೆಯುವ ಸುತ್ತಿಗೆ. ಹುನಗುಂದದ ಹಾದಿಯಲ್ಲಿ ಬೆಳಿಗ್ಗೆ ಅಂಗಡಿಯ ಲಾರಿಯಿಂದ ಸರಪಳಿ ಹರಿದು ಕಲ್ಲಿನ ಬ್ಲಾಕ್ ಜಾರಿ ಒಬ್ಬ ಕೂಲಿಯವನ ಮೇಲೆ ಬಿದ್ದಿತ್ತಂತೆ. ಅವನು ಸತ್ತಿದ್ದ. ಮಾಲೀಕ ನೋಡಲು ಬಂದಿರಲಿಲ್ಲ, ಫೋನನ್ನೂ ಎತ್ತಿರಲಿಲ್ಲ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ಪಾಲಿಶ್ ಮಾಡಿ ನಿಲ್ಲಿಸಿದ ಕಲ್ಲುಗಳು ಒಂದೊಂದಾಗಿ ನೆಲಕ್ಕೆ ಬೀಳುತ್ತಿದ್ದವು, ಪ್ರತಿ ಸಲವೂ ನಮ್ಮ ಕಾಲಡಿಯ ನೆಲ ಅದುರುತ್ತಿತ್ತು.

"ಮಾಲಕ ಮ್ಯಾಲ ಅದಾನ! ಏಸಿ ನಡದೈತಿ ನೋಡ್ರಿ!" ಎಂದು ಯಾರೋ ಕೂಗಿದರು. ಮೆಟ್ಟಿಲ ಮೇಲೆ ಕಾಲಿನ ಸದ್ದಾಯಿತು.

ನಾನು ಬಾಗಿಲಿಗೆ ಚಿಲಕ ಹಾಕಿದೆ. ಅಲ್ಲಿಗೆ ಸುಮ್ಮನಿದ್ದಿದ್ದರೆ! ಬಾಗಿಲ ಹಿಂದೆ ನಿಂತು, ನನ್ನ ಸಂಗ್ರಹದಲ್ಲಿದ್ದ ನಮ್ಮೂರ ಪೊಲೀಸ್ ಸಾಹೇಬರ ಧ್ವನಿ ತೆಗೆದೆ. "ಏಯ್! ಯಾರಲೇ ಅದು? ಎಲ್ಲಾರನೂ ಒಳಗ ಹಾಕ್ತೇನಿ!"

ಮೆಟ್ಟಿಲ ಮೇಲಿನ ಕಾಲಿನ ಸದ್ದು ನಿಂತಿತು. ನನಗೆ ಹೆಮ್ಮೆಯೆನಿಸಿತು.

ಆಮೇಲೆ ಒಬ್ಬ ಅಂದ, "ಪೊಲೀಸ್ರನ್ನ ಮಗ್ಗಲಾಗ ಕುಂದ್ರಿಸಿಕೊಂಡ ಚಾ ಕುಡ್ಯಾಕತ್ತಾನ ಮಾಲಕ. ನಮ್ಮ ಹೆಣಾ ಅಲ್ಲಿ ಬಿದ್ದೈತಿ. ಒಡೀರಲೇ!"

ಅಲ್ಲಿಯವರೆಗೆ ಅವರಿಗೆ ಮಾಲೀಕ ಒಳಗಿದ್ದಾನೆಂಬುದು ಬರೀ ಅನುಮಾನ. ಅದನ್ನು ಖಾತ್ರಿ ಮಾಡಿಕೊಟ್ಟವನು ನಾನು. ನನ್ನ ಜೀವಮಾನದ ಅತ್ಯಂತ ಕೆಟ್ಟ ಪ್ರದರ್ಶನ ಅದು; ಬೆಲೆ ಕೊಟ್ಟವರು ಮಾತ್ರ ಬೇರೆಯವರು.

ಬಾಗಿಲು ಮೂರನೇ ಏಟಿಗೆ ಹೋಯಿತು. ಸರ್ ಪರದೆಯ ಮುಂದಿನಿಂದ ಎದ್ದು ಬಂದರು. ಅವರ ಬಲಗೈ ಮೌಸಿನ ಮೇಲಿದ್ದದ್ದನ್ನು ನೋಡಿದ್ದೆ, ಎದ್ದದ್ದನ್ನು ನೋಡಿದೆ. ನಡುವೆ ಆ ಕೈ ಏನು ಮಾಡಿತೆಂದು ನೋಡಲಿಲ್ಲ. ಅವರು ಎರಡೂ ಕೈ ಜೋಡಿಸಿ, "ಯಪ್ಪಾ, ಮಾಲಕ ಇಲ್ಲಿ ಇರೂದಿಲ್ಲ. ನಾವು ಬಾಡಿಗಿ ಮಂದಿ" ಎಂದರು. ಬಿಳಿ ಅಂಗಿ, ಹೊಟ್ಟೆ, ಗುಡ್ಡದ ಧ್ವನಿ. ನೋಡಿದರೆ ಅವರೇ ಮಾಲೀಕ.

ಮುಂದೆ ಇದ್ದವನು ನಲವತ್ತರ ಆಸುಪಾಸಿನವನು, ಮೈಯೆಲ್ಲ ಕಲ್ಲಿನ ಬಿಳಿ ಧೂಳು. ಹಾರೆಯನ್ನು ಅಡ್ಡ ಬೀಸಿದ. ಸರ್ ದವಡೆಗೆ ಅದು ತಗುಲಿದ ಸದ್ದನ್ನು ನಾನು ಇವತ್ತಿಗೂ ಅನುಕರಿಸಿಲ್ಲ. ಅವರು ಬಿದ್ದರು. ಬಿದ್ದವರ ಪಕ್ಕೆಗೆ ಇನ್ನೊಬ್ಬ ಎರಡು ಸಲ ಒದ್ದ. ಬಾಯಿಂದ ಹರಿದದ್ದರಲ್ಲಿ ಎಲೆಯಡಿಕೆ ಎಷ್ಟು, ರಕ್ತ ಎಷ್ಟು, ತಿಳಿಯಲಿಲ್ಲ. ಸರ್ ಕೂತಿದ್ದ ಕಂಪ್ಯೂಟರಿನ ಮೇಲೆ ಸುತ್ತಿಗೆ ಬಿತ್ತು, ಪರದೆ ಒಳಕ್ಕೆ ಕುಸಿಯಿತು. ಆಮೇಲೆ ನನ್ನದು. ಆಮೇಲೆ ಕುರ್ಚಿ, ಏಸಿ, ಗೋಡೆಯ ಗಡಿಯಾರ.

ನಾನು ಟೇಬಲ್ಲಿನ ಕೆಳಗಿದ್ದೆ. ಹೇಗೆ ಹೋದೆನೋ ಗೊತ್ತಿಲ್ಲ, ಶೌರ್ಯದಿಂದಂತೂ ಅಲ್ಲ. ಕೈಗೆ ಏನೋ ತಗುಲಿತು. ಸರ್ ಫೋನು. ಅಕ್ಕ ಇನ್ನೂ ಲೈನಿನಲ್ಲಿದ್ದಳು.

"ಸರ್! ಏನದು ಸಪ್ಪಳ? ರೀಸೆಟ್ ಆತೇನು? ಎರಡನೇದೂ ನಿಲ್ಲಾಕತ್ತೈತಿ. ಆಸ್ಪತ್ರಿಯವರು ಒಂದ ಸಮನ ಫೋನ್ ಮಾಡಾಕತ್ತಾರ, ಪಟ್ಟಿ ತೆರೀವಲ್ದು ಅಂತ. ಸರ್!"

ಸ್ಪೀಕರ್ ಬಂದ್ ಮಾಡಿ ಕಿವಿಗೆ ಹಿಡಿದೆ. ಅವಳು ನನ್ನ ಮಾತಿಗೆ ಗುಂಡಿ ಒತ್ತುವುದಿಲ್ಲ, ಅದು ಖಂಡಿತ. ಸರ್ ಮಾತಾಡುವ ಸ್ಥಿತಿಯಲ್ಲಿಲ್ಲ. ಆದರೆ ಸರ್ ಧ್ವನಿ ನನ್ನ ಬಳಿ ಇದೆ. ಅವರು ಒತ್ತಿಯೇ ಇರುತ್ತಾರೆ, ಮೂವತ್ತು ವರ್ಷದ ಕೈ ಅದು, ಅರ್ಧಕ್ಕೆ ಬಿಟ್ಟು ಏಳುವಂಥದ್ದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಟೇಬಲ್ಲಿನ ಕಾಲಿಗೆ ಗೆಣ್ಣಿನಿಂದ ಎರಡು ಸಲ ಬಡಿದೆ.

"ಹೂಂ. ಆತವ್ವಾ."

ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಪದ್ಧತಿಯಂತೆ ಒಪ್ಪಿಸಿದಳು: "ಒಂದನೇದು ರೀಸೆಟ್ ಆಗೇತಿ. ನೀವ ಒತ್ತೀರಿ, ನೀವ ಕಣ್ಣಾರೆ ನೋಡೀರಿ. ನಾ ಡೌನ್ ಹಾಕಾಕತ್ತೇನಿ. ಹಾಕ್ಲ್ಯಾ?"

ನೀವ ಕಣ್ಣಾರೆ ನೋಡೀರಿ, ಅಂದಿದ್ದಳು.

ಎರಡು ಮಾರು ದೂರದಲ್ಲಿ ಸರ್ ಬಿದ್ದಿದ್ದರು. ಕಣ್ಣು ಮುಚ್ಚಿತ್ತು, ಅಲುಗಾಡುತ್ತಿರಲಿಲ್ಲ. ಯಾರಾದರೂ ಆಗ ಒಳಗೆ ಬಂದು ನೋಡಿದ್ದರೆ ಸತ್ತಿದ್ದಾರೆ ಅನ್ನುತ್ತಿದ್ದರು. ನೋಡುತ್ತಿದ್ದಂತೆ ಅವರ ಬೆರಳುಗಳು ನೆಲದ ಮೇಲೆ ಸ್ವಲ್ಪ ಮಡಚಿ ಬಿಚ್ಚಿದವು.

"ಬ್ಯಾಡಕ್ಕಾ," ಎಂದೆ. ನನ್ನದೇ ತೆಳ್ಳನೆ ಧ್ವನಿ. "ಹಾಕಬ್ಯಾಡ. ನಾ ಅದೇನಿ. ನಾ ನೋಡಿಲ್ಲ."

ಅವಳು ಆಗ ಅಂದದ್ದರಲ್ಲಿ ಬರೆಯಬಹುದಾದದ್ದು ಕಡಿಮೆ. "ಇಂಥಾದ್ರಾಗೂ ಏನಲೇ? ನಾಚಿಕಿ ಬರೂದಿಲ್ಲೇನು? ಸರ್‌ಗ ಕೊಡು ಫೋನು!"

"ಸರ್‌ಗ ಹೊಡದಾರಕ್ಕಾ. ದವಡಿ ಒಡದೈತಿ. ಮಂದಿ ನುಗ್ಯಾರ ಒಳಗ. ಒಳಗಿನ ಖೋಲ್ಯಾಗ ಇನ್ನೊಂದ ಕಂಪ್ಯೂಟರ್ ಐತಿ, ಅಲ್ಲಿಂದ ನೋಡ್ತೇನಿ. ಹತ್ತ ನಿಮಿಷ ತಡಿ."

ನನ್ನ ಹಿಂದೆ ಏನೋ ಒಡೆದ ಸದ್ದು ಅವಳಿಗೂ ಕೇಳಿಸಿರಬೇಕು. "ಐದ ನಿಮಿಷ. ಕಟ್ ಮಾಡಬ್ಯಾಡ ಫೋನು" ಎಂದಳು.

ಒಳಗಿನ ಕೋಣೆಯಲ್ಲಿ ಬ್ಯಾಟರಿಗಳು, ಒಂದು ಹಳೆಯ ಕಂಪ್ಯೂಟರು. ಅಲ್ಲಿಗೆ ತೆವಳಿಕೊಂಡು ಹೋದೆ. ಒಬ್ಬ ನನ್ನ ಬೆನ್ನ ಮೇಲೆ ಕುರ್ಚಿ ಎಸೆದ, ತಗುಲಿತು. ಫೋನನ್ನು ಅಂಗಿಯ ಜೇಬಿಗೆ ಹಾಕಿ ಕಂಪ್ಯೂಟರ್ ತೆರೆದೆ. ರೀಸೆಟ್ಟಿನ ಪರದೆ ಬಂತು. ಒಂದನೆಯ ಸಿಸ್ಟಮ್ಮಿನ ಮುಂದೆ ಹಸಿರು ಚೌಕ. 'ನಡೆಯುತ್ತಿದೆ.'

ಸರ್ ಒತ್ತಿರಲಿಲ್ಲ. ಅದು ಬದುಕಿತ್ತು. ನಾನು 'ಹಾಕು' ಅಂದಿದ್ದರೆ ಇಷ್ಟೊತ್ತಿಗೆ ಯಾವುದೋ ವಾರ್ಡಿನ ಯಾರಿಗೋ ಇನ್ಯಾರದೋ ಔಷಧ.

ರೀಸೆಟ್ ಆರಿಸಿದೆ. ನಾರ್ಮಲ್. ಕೆಂಪು ಪೆಟ್ಟಿಗೆ ಬಂದು, ಇದು ಸಿಸ್ಟಮ್ಮನ್ನು ಕೊಲ್ಲುತ್ತದೆ, ಖಚಿತವಿದ್ದರೆ ಪಾಸ್‌ವರ್ಡ್ ಕೊಡು ಎಂದಿತು. ಅವಸರದಲ್ಲಿ ತಪ್ಪು ಹೊಡೆದೆ. ಮತ್ತೆ ಹೊಡೆದೆ, ಮತ್ತೆ ತಪ್ಪು. ಮೂರನೆಯದೂ ತಪ್ಪಿದರೆ ಆ ಪರದೆ ಮುಚ್ಚುತ್ತದೆ, ಅರ್ಧ ಗಂಟೆ ಯಾರಿಗೂ ತೆರೆಯುವುದಿಲ್ಲ.

ಹಿಂದೆ ನೆರಳು ಬಿತ್ತು. ಹಾರೆಯವನು.

"ಇಲ್ಲೊಂದ ಉಳದೈತಿ," ಎಂದು ಹಾರೆಯನ್ನು ಕಂಪ್ಯೂಟರಿನ ಮೇಲೆ ಎತ್ತಿದ.

"ಕಾಕಾ, ಒಂದ ನಿಮಿಷ..."

ಹಾರೆಯ ಹಿಂಬದಿಯಿಂದ ನನ್ನ ಬಾಯಿಗೆ ಗುದ್ದಿದ. ಎರಡು ಹಲ್ಲು ಕೀಲಿಮಣೆಯ ಮೇಲೆ ಬಿದ್ದವು. ಅಕ್ಷರಗಳ ನಡುವೆ ಅವು ಇನ್ನೆರಡು ಗುಂಡಿಗಳ ಹಾಗೆ ಕೂತಿದ್ದವು. ಒಂದನ್ನು ಸರಿಸಿ ಪಾಸ್‌ವರ್ಡಿನ ಮೊದಲ ಅಕ್ಷರ ಒತ್ತಿದೆ. ಧೈರ್ಯವಲ್ಲ, ಕೈ ಅಲ್ಲೇ ಇತ್ತು, ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

"ಏನ ಮಾಡಾಕತ್ತೀಲೇ? ಪೊಲೀಸ್ರನ್ನ ಕರ್ಯಾಕತ್ತೀ?"

"ಇಲ್ಲ," ಎಂದೆ. ಮಾತು ರಕ್ತದೊಳಗಿಂದ ಬರುತ್ತಿತ್ತು. "ದವಾಖಾನಿ ಮಶಿನ್ ಕಾಕಾ ಇದು. ಅರ್ಧಾ ಜೀವಾ ಉಳದೈತಿ ಅದರಾಗ. ಹಂಗ ಬಿಟ್ರ ಮಂದೀ ಔಷಧ ಅದಲಾಬದಲಿ ಆಗ್ತಾವ. ಪೂರ್ತಿ ನಿಲ್ಲಸ್ಬೇಕು. ಆಮ್ಯಾಲೆ ಒಡಿ ನೀ."

ಹಾರೆ ಮೇಲೆಯೇ ಇತ್ತು. ನಾನು ಎಣಿಸಿ ಎಣಿಸಿ ಒಂದೊಂದೇ ಅಕ್ಷರ ಒತ್ತಿದೆ.

"ನನ್ನ ತಮ್ಮಗೂ ಅರ್ಧಾ ಜೀವಾ ಇತ್ತು," ಎಂದ ಅವನು. ನನಗಲ್ಲ, ಗೋಡೆಗೆ ಹೇಳಿದಂತೆ. "ಕಲ್ಲಿನ ಕೆಳಗ ಒಂದ ತಾಸ ಇತ್ತು. ಸತ್ತಾನಂತ ಹೇಳಿ ಹ್ವಾದ ಡ್ರೈವರ. ಕೈ ಹಿಡಕೊಂಡ ಕುಂತಿದ್ದೆ ನಾ. ಹಿಡಿದಿದ್ದಾ ಅವನೂ."

ಅವನ ಕಡೆ ತಿರುಗಲು ನನಗೆ ಆಗಲಿಲ್ಲ. ಎಂಟರ್ ಒತ್ತಿದೆ. ಕೆಂಪು ಪೆಟ್ಟಿಗೆ ಹೋಯಿತು. ಹಸಿರು ಚೌಕ ಹಾಗೇ ಇತ್ತು, ಹಾಗೇ ಇತ್ತು, ಕೆಂಪಾಯಿತು. 'ನಡೆಯುತ್ತಿಲ್ಲ.'

ಹಾರೆ ಇಳಿಯಿತು. ಕಂಪ್ಯೂಟರಿನ ಮೇಲಲ್ಲ; ಅವನು ಅದನ್ನು ಗೋಡೆಗೆ ಒರಗಿಸಿ, ನೆಲಕ್ಕೆ ಕೂತ. ಹೊರಗೆ ಅವನ ಜೊತೆಯವರು ಕಪಾಟು ಉರುಳಿಸುತ್ತಿದ್ದರು.

ಫೋನು ತೆಗೆದೆ. "ಅಕ್ಕಾ. ಆತು."

"ಯಾರ್ರೀ ನೀವು?"

ಎರಡು ಹಲ್ಲಿಲ್ಲದ, ಬಾತ ತುಟಿಯ ಬಾಯಿಂದ ನನ್ನ ಸ್ವಂತ ಧ್ವನಿ ಹೊರಬರುತ್ತಿರಲಿಲ್ಲ. ಊರವರ ಧ್ವನಿಯನ್ನೆಲ್ಲ ಕದ್ದವನು, ನನ್ನದೇ ಬೇಕಾದಾಗ ಅದು ನನ್ನಲ್ಲಿಲ್ಲ.

"ನಾನಕ್ಕಾ. ಮಂಗ್ಯಾ. ಹಲ್ಲ ಹೋದೂ."

ಅಕ್ಕ ಮೆತ್ತಗೆ ಕೇಳಿದಳು, "ಪರದಿ ಮ್ಯಾಲೆ ಏನೈತಿ? ಇದ್ದಂಗ ಓದು. ಒಂದಕ್ಷರ ಬಿಡಬ್ಯಾಡ."

ಓದಿದೆ. ಸಿಸ್ಟಮ್ಮಿನ ಹೆಸರು, ರೀಸೆಟ್ ಆದ ಹೊತ್ತು, ಸ್ಥಿತಿ, ಕೆಂಪು ಚೌಕ. 'ಸ' ಬಂದಲ್ಲೆಲ್ಲ ಗಾಳಿ.

"ನೀನ ಒತ್ತೀದಿ?"

"ನಾನ ಒತ್ತೇನಿ."

"ನೀನ ನೋಡೀದಿ?"

"ನಾನ ನೋಡೇನಿ ಅಕ್ಕಾ."

"ಡೌನ್ ಹಾಕಾಕತ್ತೇನಿ. ಹಾಕ್ಲ್ಯಾ?"

"ಹಾಕು."

ಕೀಲಿಮಣೆಯ ಸದ್ದು ಕೇಳಿಸಿತು. ಮೂರು ತಿಂಗಳಲ್ಲಿ ನನ್ನ ಮಾತಿಗೆ ಅವಳು ಒತ್ತಿದ ಮೊದಲ ಗುಂಡಿ. ಅರ್ಧ ನಿಮಿಷದ ಮೇಲೆ, "ಎರಡನೇದು ಎದ್ದೈತಿ. ಪಟ್ಟಿ ತೆರದೂ" ಎಂದಳು. ಆಮೇಲೆ ಅವಳು ಅತ್ತಳು. ಅದನ್ನು ಬರೆದದ್ದಕ್ಕೆ ಬೈಯುತ್ತಾಳೆ, ಬೈಯಲಿ.

ಪೊಲೀಸರು ಬಂದಾಗ ಒಡೆಯಲು ಏನೂ ಉಳಿದಿರಲಿಲ್ಲ. ಸರ್ ಮತ್ತು ನನ್ನನ್ನು ಒಂದೇ ಆಂಬುಲೆನ್ಸಿನಲ್ಲಿ ಹುನಗುಂದದ ಮೇಲೆ ಬಾಗಲಕೋಟೆಗೆ ಒಯ್ದರು. ದಾರಿಯುದ್ದಕ್ಕೂ ಅವರ ಕೈ ಹಿಡಿದುಕೊಂಡಿದ್ದೆ. ಪ್ರೀತಿಯಿಂದ ಅಂತ ಅವರು ತಿಳಿದಿರಬಹುದು, ನಾನು ಅದು ತಿರುಗಿ ಹಿಡಿಯುತ್ತದೋ ಇಲ್ಲವೋ ನೋಡುತ್ತಿದ್ದೆ. ಹಿಡಿಯುತ್ತಿತ್ತು.

ಆಮೇಲೆ ಹೇಳಿಕೆಗೆ ಕರೆದರು. ನೋಡಿದ್ದನ್ನಷ್ಟೇ ಹೇಳಿದೆ. ಹಾರೆ ಹಿಡಿದವನು ಸರ್‌ಗೆ ಹೊಡೆದದ್ದನ್ನು ನೋಡಿದ್ದೇನೆ. ನನಗೆ ಹೊಡೆದದ್ದನ್ನು ನೋಡುವ ಪ್ರಶ್ನೆಯೇ ಇರಲಿಲ್ಲ, ಬಾಯಿಯೇ ಸಾಕ್ಷಿ. ಅವನು ಹಾರೆಯನ್ನು ಗೋಡೆಗೆ ಒರಗಿಸಿ ಕೂತದ್ದನ್ನೂ ನೋಡಿದ್ದೇನೆ, ಅದನ್ನೂ ಬರೆದುಕೊಳ್ಳಿ ಎಂದೆ. ಬಾಗಿಲ ಹಿಂದಿನಿಂದ ಸಾಹೇಬರ ಧ್ವನಿ ತೆಗೆದವನು ನಾನೆಂದೂ ಹೇಳಿದೆ. ಎದುರಿಗಿದ್ದವರು ಅದೇ ಸಾಹೇಬರು. ಅವರಿಗೆ ನಗು ಬರಲಿಲ್ಲ.

ಡಾಕ್ಟರು ಸರ್ ದವಡೆಯನ್ನು ತಂತಿ ಹಾಕಿ ಬಿಗಿದಿದ್ದರು. ಎರಡು ತಿಂಗಳ ಮೇಲೆ ಕೆಲಸಕ್ಕೆ ಬಂದರು, ಬೇರೆ ಕಟ್ಟಡದ ಹೊಸ ಆಫೀಸಿಗೆ. ಬಂದ ಮೊದಲ ವಾರವೇ ಒಂದು ಸಿಸ್ಟಮ್ಮನ್ನು ನಿಲ್ಲಿಸಬೇಕಾಗಿ ಬಂತು. ಅವರು ಫೋನೆತ್ತಿ ಟೇಬಲ್ಲಿಗೆ ಎರಡು ಸಲ ಬಡಿದು, "ರೀಸೆಟ್ ಮಾಡೇನವ್ವಾ, ನಾನ ನೋಡೇನಿ" ಎಂದರು. ಗುಡ್ಡ ಹೋಗಿತ್ತು. ಧ್ವನಿ ಮೂಗಿನಿಂದ, ಸಣ್ಣಗೆ, ಪದದ ತುದಿ ಮುರಿದು ಬರುತ್ತಿತ್ತು.

ಅಕ್ಕನಿಗೆ ಆ ಧ್ವನಿಯ ಗುರುತು ಸಿಗಲಿಲ್ಲ. "ಅವನ ಕಡೆ ಕೊಡ್ರಿ ಫೋನು."

ಸರ್ ನನ್ನತ್ತ ಚಾಚಿದರು.

"ಸರ್ ಅದಾರೇನು?"

"ಅವರ ಅದಾರಕ್ಕಾ. ಅವರ ಒತ್ಯಾರ. ನಾನೂ ಮಗ್ಗಲಾಗ ನಿಂತ ನೋಡೇನಿ."

"ಹಾಕ್ಲ್ಯಾ?"

"ಹಾಕು."

ಹಾಕಿದಳು.

ಆ ದಿನ ಚಹಾ ಕುಡಿಯುವಾಗ ಸರ್ ಬಸಿಯ ಅಂಚಿಗೆ ತುಟಿ ಹಚ್ಚಿ ನಿಧಾನ ಹೀರುತ್ತ ಕೇಳಿದರು, "ನನ್ನ ಹಳೀ ದನಿ ಇನ್ನೂ ಐತೇನಲೇ ನಿನ್ನಾಗ? ಒಮ್ಮೆ ತಗೀ ಕೇಳೋಣು."

ಆ ಮಂಗಳವಾರದ ಮೇಲೆ ಅದನ್ನು ಒಮ್ಮೆಯೂ ತೆಗೆದಿರಲಿಲ್ಲ. ಬೇಡ ಅಂದೆ. ಅವರು ಬಿಡಲಿಲ್ಲ. ಹೊಸ ಹಲ್ಲಿನ ಮೇಲೆ ನಾಲಿಗೆ ಆಡಿಸಿ, ಟೇಬಲ್ಲಿಗೆ ಎರಡು ಸಲ ಬಡಿದು, "ಅವಸರ ಮಾಡಬ್ಯಾಡವ್ವಾ. ಕಡೀ ಸಲ ಯಾವಾಗ ಮಾತಾಡೇತಿ?" ಎಂದೆ.

ಸರ್ ಕಿಟಕಿಯ ಆಚೆ ನೋಡುತ್ತ ಕೇಳಿಸಿಕೊಂಡರು. ಬಸಿ ಕೆಳಗಿಟ್ಟರು.

"ಹಿಂಗ ಮಾತಾಡ್ತಿದ್ನೇನಲೇ ನಾ?" ಎಂದರು. "ಭಾಳ ಸೊಕ್ಕಿನ ಮನಶ್ಯಾ ಇದ್ದಂಗ ಐತಲ್ಲೋ ಅವ."